ಮೇಲಂತಸ್ತಿನ ಸೆಕೆ: ಕಲಬುರಗಿಯ ಒಂದು ಮನೆಯಲ್ಲಿ ಶಾಖನಿರೋಧಕ ಕಾಮಗಾರಿಯ ಪ್ರಕರಣ ಅಧ್ಯಯನ

ಈ ಪ್ರಕರಣದ ಮನೆ ಕಲಬುರಗಿಯ ಬಡಾವಣೆಯೊಂದರಲ್ಲಿ ಮೂವತ್ತು ನಲವತ್ತರ ನಿವೇಶನದಲ್ಲಿದೆ. ನೆಲಮಹಡಿಯಲ್ಲಿ ಬಾಡಿಗೆದಾರರಿದ್ದಾರೆ, ಮೇಲಿನ ಅಂತಸ್ತಿನಲ್ಲಿ ನಿವೃತ್ತ ಶಿಕ್ಷಕ ದಂಪತಿ ವಾಸವಾಗಿದ್ದಾರೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಐದು ಇಂಚಿನ ಆರ್‌ಸಿಸಿ ಸ್ಲ್ಯಾಬ್, ಅದರ ಮೇಲೆ ನೀರು ಹರಿಯಲೆಂದು ಹಾಕಿದ ಒಂದೂವರೆ ಇಂಚಿನ ಸಿಮೆಂಟ್ ಗಾರೆ, ಒಳಗೆ ತೆಳುವಾದ ಗಿಲಾವ್, ನೆಲಕ್ಕೆ ಶಹಾಬಾದ್ ಪರಸಿ. ಉತ್ತರ ಕರ್ನಾಟಕದ ಯಾವ ಊರಿಗೆ ಹೋದರೂ ಕಳೆದ ಮೂವತ್ತು ವರ್ಷಗಳಲ್ಲಿ ಕಟ್ಟಿದ ಮನೆಗಳು ಹೆಚ್ಚುಕಡಿಮೆ ಹೀಗೆಯೇ ಇರುವುದರಿಂದ, ಇಲ್ಲಿ ಕಂಡದ್ದು ಇನ್ನೂ ಅನೇಕ ಮನೆಗಳಿಗೆ ಅನ್ವಯಿಸುತ್ತದೆ.

ದಂಪತಿಯ ದೂರು ಹಗಲಿನ ಬಿಸಿಲಿನ ಬಗ್ಗೆ ಅಷ್ಟಾಗಿ ಇರಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟುವುದು ಆ ಊರಿನವರಿಗೆ ಹೊಸದಲ್ಲ. ಅವರನ್ನು ಕಾಡಿದ್ದು ರಾತ್ರಿ. "ಹತ್ತು ಹೊಡದ್ರೂ ಮ್ಯಾಲಿನ ಸ್ಲ್ಯಾಬ್ ಕಾದ ಹಂಚ ಆಗಿರ್ತದ್ರೀ, ಫ್ಯಾನ್ ಹಾಕಿದ್ರ ಬೆಂಕಿ ಗಾಳಿನೇ ಬರ್ತದ" ಎಂದು ಮನೆಯಾಕೆ ಹೇಳಿದ ಮಾತಿನಲ್ಲಿ ರೋಗದ ಲಕ್ಷಣವೆಲ್ಲ ಇತ್ತು. ಮೊದಲೆಲ್ಲ ಬೇಸಿಗೆಯಲ್ಲಿ ಮಾಳಿಗೆಯ ಮೇಲೆಯೇ ಹಾಸಿಗೆ ಹಾಸುತ್ತಿದ್ದರು. ಮೊಣಕಾಲು ನೋವು ಮತ್ತು ಸೊಳ್ಳೆಗಳಿಂದಾಗಿ ಆ ರೂಢಿ ತಪ್ಪಿತು. ಪಶ್ಚಿಮದ ಮಲಗುವ ಕೋಣೆಗೆ ಒಂದೂವರೆ ಟನ್ನಿನ ಎಸಿ ಕೂಡಿಸಿದರೂ 18 ಡಿಗ್ರಿಗೆ ಇಟ್ಟ ಯಂತ್ರದ ಕಂಪ್ರೆಸರ್ ನಡುರಾತ್ರಿಯವರೆಗೆ ನಿಲ್ಲುತ್ತಿರಲಿಲ್ಲ. ಇನ್ನು ಬಿಲ್ಲಿನ ಮಾತು. ಗೃಹಜ್ಯೋತಿ ಯೋಜನೆಯಡಿ ವರ್ಷದ ಬಹುಪಾಲು ತಿಂಗಳು ಅವರ ಜೆಸ್ಕಾಂ ವಿದ್ಯುತ್ ಬಿಲ್ ಶೂನ್ಯವಾಗಿರುತ್ತದೆ. ಆದರೆ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ಗ್ರಾಹಕರೇ ತುಂಬಬೇಕು. 2024ರ ಏಪ್ರಿಲ್‌ನಲ್ಲಿ ಅವರ ಮೀಟರ್ ತೋರಿಸಿದ್ದು 386 ಯೂನಿಟ್.

ಪರಿಹಾರಕ್ಕೆಂದು ಅವರ ಮುಂದೆ ಆಗಲೇ ಮೂರು ಸಲಹೆಗಳಿದ್ದವು. ಅಂಗಡಿಯವರು ಎರಡು ಟನ್ನಿನ ಎಸಿ ಎಂದಿದ್ದರು. ಪಿಒಪಿ ಕೆಲಸದವರು ಒಳಗಿನಿಂದ ಫಾಲ್ಸ್ ಸೀಲಿಂಗ್ ಮಾಡಿ ನಡುವೆ ಥರ್ಮೋಕಾಲ್ ಹಾಕೋಣ ಎಂದಿದ್ದರು. ಬೀಗರೊಬ್ಬರು ಮಾಳಿಗೆಯ ಮೇಲೆ ತಗಡಿನ ಶೆಡ್ ಹೊಡೆಸಿರಿ ಎಂದಿದ್ದರು. ಮೂರಕ್ಕೂ ಹಣ ಬೇಕು, ಮೂರರಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಶಾಖ ಎಲ್ಲಿಂದ, ಯಾವ ಹೊತ್ತಿನಲ್ಲಿ, ಎಷ್ಟು ಬರುತ್ತಿದೆ ಎಂಬುದನ್ನು ಯಾರೂ ಅಳೆದಿರಲಿಲ್ಲ. ಆದ್ದರಿಂದ ಖರ್ಚಿಗೆ ಮುಂಚೆ ಅಳತೆ ಎಂದು ನಿರ್ಧರಿಸಲಾಯಿತು.

ತಪಾಸಣೆ

ಬಳಸಿದ ಸಾಧನಗಳು ಸರಳವಾದವು: ದೂರದಿಂದಲೇ ಮೇಲ್ಮೈ ತಾಪ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್, ಕೋಣೆಯ ಗಾಳಿಯ ತಾಪಕ್ಕೆ ಸಾಮಾನ್ಯ ಡಿಜಿಟಲ್ ಮಾಪಕ, ಮತ್ತು ಒಂದು ಪೊಟ್ಟಣ ಊದುಬತ್ತಿ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯಲೆಂದು ಕೊಂಡ ಥರ್ಮಾಮೀಟರ್ ಈ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಅದನ್ನು ಮೈಯ ತಾಪದ ಆಸುಪಾಸಿನ ಕಿರಿದಾದ ವ್ಯಾಪ್ತಿಗಷ್ಟೇ ಹೊಂದಿಸಿರುತ್ತಾರೆ. ಕೈಗಾರಿಕಾ ಬಳಕೆಯದೇ ಬೇಕು. ಅದು ಕೂಡ ಹೊಳೆಯುವ ಲೋಹದ ಮೇಲೆ ಸುಳ್ಳು ತಾಪ ತೋರಿಸುತ್ತದೆ. ಗಿಲಾವ್, ಇಟ್ಟಿಗೆ, ಬಣ್ಣ ಬಳಿದ ಗೋಡೆಗಳ ಮೇಲೆ ಮಾತ್ರ ನಂಬಬಹುದು.

ಮೇ ಮೊದಲ ವಾರದ ಒಂದು ದಿನ, ಎಸಿ ಹಾಕದೆ, ಹೊತ್ತು ಹೊತ್ತಿಗೆ ತಾಪ ಬರೆದುಕೊಳ್ಳಲಾಯಿತು. ಮಧ್ಯಾಹ್ನ ಮೂರೂವರೆಗೆ ಮಾಳಿಗೆಯ ಮೇಲ್ಮೈ 62 ಡಿಗ್ರಿ ಇತ್ತು. ಆ ಹೊತ್ತಿಗೆ ಕೋಣೆಯ ಒಳಗಿನ ಸೀಲಿಂಗ್ ಇನ್ನೂ 41ರಲ್ಲಿತ್ತು. ಸಂಜೆ ಏಳಕ್ಕೆ, ಅಂದರೆ ಸೂರ್ಯ ಮುಳುಗಿ ಹೊರಗೆ ಗಾಳಿ ಆಡತೊಡಗಿದ ಮೇಲೆ, ಸೀಲಿಂಗ್ 44ಕ್ಕೆ ಏರಿತ್ತು. ರಾತ್ರಿ ಹತ್ತೂವರೆಗೂ ಅದು 40ರ ಕೆಳಗೆ ಇಳಿದಿರಲಿಲ್ಲ. ಅದೇ ಸಂಜೆ ನೆಲಮಹಡಿಯ ಕೋಣೆಯ ಸೀಲಿಂಗ್ 35ರಲ್ಲಿತ್ತು. ಮೇಲಿನ ಕೋಣೆಯ ಪಶ್ಚಿಮದ ಗೋಡೆ ಏಳು ಗಂಟೆಗೆ 39, ಉಳಿದ ಮೂರು ಗೋಡೆಗಳು 36ರಿಂದ 37. ಈ ಅಂಕಿಗಳಲ್ಲೇ ಉತ್ತರವಿತ್ತು: ಮೊದಲ ಆರೋಪಿ ಸ್ಲ್ಯಾಬ್, ಎರಡನೆಯದು ಪಶ್ಚಿಮದ ಗೋಡೆ, ಉಳಿದವುಗಳ ಪಾಲು ತೀರ ಕಡಿಮೆ.

ಸ್ಲ್ಯಾಬ್ ಇಷ್ಟು ಕಾಯಲು ಊರಿನ ಅಕ್ಷಾಂಶವೂ ಕಾರಣ. ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರದಲ್ಲಿದೆ. ಆದ್ದರಿಂದ ಮೇ ಎರಡನೆಯ ವಾರದ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಗೋಡೆಗಳಿಗೆ ಆಗ ಬಿಸಿಲು ಓರೆಯಾಗಿ ತಾಗಿದರೆ, ಸಮತಟ್ಟಾದ ಮಾಳಿಗೆ ಪೂರ್ತಿ ಬಿಸಿಲನ್ನು ಎದೆಯೊಡ್ಡಿ ತೆಗೆದುಕೊಳ್ಳುತ್ತದೆ. ಚದರ ಮೀಟರಿಗೆ 900 ವ್ಯಾಟಿಗೂ ಮೇಲ್ಪಟ್ಟು ಬರುವ ಆ ಬಿಸಿಲಿನಲ್ಲಿ ಹಳೆಯ ಬೂದು ಸಿಮೆಂಟ್ ಮೂರನೇ ಎರಡರಷ್ಟನ್ನು ಹೀರಿಕೊಳ್ಳುತ್ತದೆ.

ಹೀರಿಕೊಂಡ ಶಾಖ ಒಳಗೆ ಬರುವ ಬಗೆಯನ್ನು ಲೆಕ್ಕ ಹಾಕಬಹುದು. ಚಾವಣಿಯ ಒಂದು ಚದರ ಮೀಟರಿನಲ್ಲಿ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎಂಬುದೇ ಯು-ಮೌಲ್ಯ. ಕಾಂಕ್ರೀಟಿನ ಶಾಖವಾಹಕತೆ (ವಸ್ತುವೊಂದು ಶಾಖವನ್ನು ಎಷ್ಟು ಸುಲಭವಾಗಿ ಸಾಗಿಸುತ್ತದೆ ಎಂಬುದರ ಅಳತೆ) 1.58, ಸಿಮೆಂಟ್ ಗಾರೆಯದು 0.72 ಎಂದು ಹಿಡಿದು, ಒಳ ಹೊರ ಮೇಲ್ಮೈಗಳ ಗಾಳಿಪದರದ ತಡೆಯನ್ನೂ ಕೂಡಿಸಿದರೆ ಈ ಚಾವಣಿಯ ಯು-ಮೌಲ್ಯ ಸುಮಾರು 2.8 ಬರುತ್ತದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೊ ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಹೊರತಂದ ಇಕೋ ನಿವಾಸ ಸಂಹಿತೆ ಚಾವಣಿಗೆ ಇಟ್ಟಿರುವ ಮೇಲ್ಮಿತಿ 1.2. ಎಂದರೆ ಈ ಮಾಳಿಗೆ ಮಿತಿಯ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಬಿಡುತ್ತಿತ್ತು. 12 ಅಡಿಗೆ 14 ಅಡಿಯ ಆ ಕೋಣೆಯನ್ನು 28 ಡಿಗ್ರಿಯಲ್ಲಿ ಇಡಬೇಕೆಂದರೆ, ಹೊರಮೈ 62 ಇರುವಾಗ ಚಾವಣಿಯಿಂದಲೇ ಸುಮಾರು 1,650 ವ್ಯಾಟ್ ಇಳಿಯುತ್ತದೆ. ಒಂದೂವರೆ ಟನ್ನಿನ ಎಸಿಯ ಪೂರ್ಣ ಸಾಮರ್ಥ್ಯವೇ 5,300 ವ್ಯಾಟಿನ ಆಸುಪಾಸು. ಅದರಲ್ಲಿ ಮೂರನೇ ಒಂದು ಪಾಲು ತಲೆಯ ಮೇಲಿನ ಸ್ಲ್ಯಾಬಿನ ಸೇವೆಗೇ ಮೀಸಲಾಗುತ್ತಿತ್ತು.

ಇದು ಹಗಲಿನ ಲೆಕ್ಕ. ರಾತ್ರಿಯ ಸೆಕೆಗೆ ಕಾರಣ ಸ್ಲ್ಯಾಬಿನ ತೂಕ. ಆ ಒಂದು ಕೋಣೆಯ ಮೇಲಿರುವ ಕಾಂಕ್ರೀಟ್ ಸುಮಾರು ಎರಡು ಘನ ಮೀಟರ್, ತೂಕ ನಾಲ್ಕೂವರೆ ಟನ್. ಅಷ್ಟು ಕಾಂಕ್ರೀಟ್ ಒಂದು ಡಿಗ್ರಿ ಬಿಸಿಯಾಗಲು ಹಿಡಿಯುವ ಶಾಖ 1.1 ಯೂನಿಟ್ ವಿದ್ಯುತ್ತಿಗೆ ಸಮ. ಹಗಲಿಡೀ ಕಾದು ಹದಿನೈದು ಡಿಗ್ರಿ ಏರಿದರೆ ಹದಿನಾರು ಹದಿನೇಳು ಯೂನಿಟ್ಟಿನಷ್ಟು ಶಾಖ ಅದರ ಹೊಟ್ಟೆಯಲ್ಲಿ ಸೇರಿರುತ್ತದೆ; ರಾತ್ರಿ ಅದರಲ್ಲಿ ಒಂದಿಷ್ಟು ಆಕಾಶಕ್ಕೆ, ಒಂದಿಷ್ಟು ಕೋಣೆಗೆ ಹೊರಬೀಳುತ್ತದೆ. ಎಸಿ ತಂಪು ಮಾಡುವುದು ಗಾಳಿಯನ್ನು. ಮನುಷ್ಯನ ಮೈಗೆ ತಿಳಿಯುವುದಾದರೋ ಗಾಳಿಯ ತಾಪ ಮತ್ತು ಸುತ್ತಲಿನ ಮೇಲ್ಮೈಗಳ ವಿಕಿರಣ ಎರಡೂ ಸೇರಿದ ಅನುಭವ. ಗಾಳಿ 26ಕ್ಕೆ ಇಳಿದರೂ ನೆತ್ತಿಯ ಮೇಲೆ 40 ಡಿಗ್ರಿಯ ಹಲಗೆ ಇದ್ದರೆ ಮಲಗಿದವರಿಗೆ ನಿದ್ದೆ ಹತ್ತುವುದಿಲ್ಲ, ಮತ್ತೆ ರಿಮೋಟ್ ಹುಡುಕಿ 18ಕ್ಕೆ ಇಳಿಸುತ್ತಾರೆ. ಎರಡು ಟನ್ನಿನ ಯಂತ್ರ ತಂದಿದ್ದರೂ ಇದೇ ಕಥೆ ಹೆಚ್ಚಿನ ಬಿಲ್ಲಿನೊಂದಿಗೆ ಮುಂದುವರಿಯುತ್ತಿತ್ತು.

ಊದುಬತ್ತಿಯ ಪರೀಕ್ಷೆ ಗಾಳಿ ಸೋರುವ ಜಾಗಗಳಿಗಾಗಿ. ಎಸಿ ಹಾಕಿ, ಫ್ಯಾನ್ ನಿಲ್ಲಿಸಿ, ಕಿಟಕಿಯ ಚೌಕಟ್ಟು, ಬಾಗಿಲಿನ ಅಂಚು, ಸ್ವಿಚ್ ಬೋರ್ಡುಗಳ ಬಳಿ ಹೊಗೆಯನ್ನು ಹಿಡಿದರೆ ಅದು ವಾಲುವ ದಿಕ್ಕು ಸೋರಿಕೆಯನ್ನು ತೋರಿಸುತ್ತದೆ. ಇಲ್ಲಿ ದೊಡ್ಡ ಸೋರಿಕೆ ಸಿಕ್ಕಿದ್ದು ಕಿಟಕಿಯಲ್ಲಿ. ಹಿಂದೆ ಏರ್ ಕೂಲರ್ ಕೂಡಿಸಲು ಒಂದು ಗಾಜಿನ ಜಾಗದಲ್ಲಿ ಪ್ಲೈವುಡ್ ಹಾಕಿ ಕೊರೆದಿದ್ದ ಚೌಕಾಕಾರದ ಕಿಂಡಿಗೆ, ಕೂಲರ್ ತೆಗೆದ ಮೇಲೆ, ರಟ್ಟಿನ ಪೆಟ್ಟಿಗೆಯ ತುಂಡೊಂದನ್ನು ಅಂಟುಪಟ್ಟಿಯಿಂದ ಹಚ್ಚಿದ್ದರು. ಬಿಸಿಲಿಗೆ ಅಂಟು ಬಿಟ್ಟು ರಟ್ಟಿನ ಮೇಲಂಚು ಬೆರಳು ತೂರುವಷ್ಟು ಬಾಗಿತ್ತು. ಊದುಬತ್ತಿಯ ಹೊಗೆ ಅಲ್ಲಿಂದ ಒಳಮುಖವಾಗಿ ನುಗ್ಗುತ್ತಿತ್ತು. ಕೂಲರಿಗೆ ಕಿಟಕಿ ತೆರೆದಿರಬೇಕು, ಎಸಿಗೆ ಮುಚ್ಚಿರಬೇಕು. ಕೂಲರಿನಿಂದ ಎಸಿಗೆ ಬಂದ ಮನೆಗಳಲ್ಲಿ ಈ ಕಿಂಡಿಯನ್ನು ಮೊದಲು ನೋಡುವುದು ಒಳ್ಳೆಯದು. ಎಸಿಯ ಕೊಳವೆ ಹಾಯ್ದ ಗೋಡೆಯ ತೂತು ಮತ್ತು ಬಾಗಿಲಿನ ಅಡಿಯ ಸಂದು ಉಳಿದ ಎರಡು ಜಾಗಗಳು. ಗ್ಯಾಸ್ ಒಲೆ ಇರುವ ಅಡುಗೆಮನೆಯ ಗಾಳಿಕಿಂಡಿಗಳನ್ನು ಮಾತ್ರ ಮುಟ್ಟಲಿಲ್ಲ; ಅವು ಸುರಕ್ಷತೆಗಾಗಿ ಇರುವಂಥವು.

ತಾತ್ಕಾಲಿಕ ಕ್ರಮಗಳು

ಮೇ ತಿಂಗಳ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಗಾರೆ ಕೆಲಸ ಹಿಡಿಯುವುದು ಜಾಣತನವಲ್ಲ. ಹಸಿ ಗಾರೆ ಕ್ಯೂರಿಂಗ್‌ಗೆ ಮುಂಚೆಯೇ ಒಣಗಿ ಬಿರುಕು ಬಿಡುತ್ತದೆ, ಬೆನ್ನಿಗೇ ಮಳೆಗಾಲ. ಹೀಗಾಗಿ ಕಾಯಂ ಕಾಮಗಾರಿಯನ್ನು ಚಳಿಗಾಲಕ್ಕೆ ಮುಂದೂಡಿ, ತಕ್ಷಣಕ್ಕೆ ಕಡಿಮೆ ಖರ್ಚಿನ ಕೆಲಸಗಳನ್ನು ಮಾಡಲಾಯಿತು. ಮಾಳಿಗೆಯನ್ನು ಗುಡಿಸಿ ತೊಳೆದು, ಅಂಟು ಬೆರೆಸಿದ ಸುಣ್ಣವನ್ನು ಎರಡು ಕೈ ಬಳಿಸಲಾಯಿತು. ಕಿಂಡಿಗೆ ಗಾಜು ಕೂಡಿತು, ಸಂದುಗಳಿಗೆ ರಬ್ಬರ್ ಪಟ್ಟಿ ಬಂತು. ಪಶ್ಚಿಮದ ಕಿಟಕಿಯ ಹೊರಗೆ ಬಿದಿರಿನ ಪರದೆ ಇಳಿಬಿಡಲಾಯಿತು. ಆ ಕಿಟಕಿಗೆ ಸಜ್ಜಾ ಇತ್ತು ನಿಜ. ಆದರೆ ಸಂಜೆಯ ಸೂರ್ಯ ತಗ್ಗಿನಲ್ಲಿರುವುದರಿಂದ ಬಿಸಿಲು ಸಜ್ಜಾದ ಕೆಳಗಿನಿಂದಲೇ ಒಳಗೆ ಬರುತ್ತದೆ, ಪಶ್ಚಿಮಕ್ಕೆ ನಿಂತ ಪರದೆಯೇ ಬೇಕು. ಒಳಗಿನ ದಪ್ಪ ಬಟ್ಟೆಯ ಪರದೆ ಬೆಳಕನ್ನು ತಡೆದರೂ, ಗಾಜು ದಾಟಿ ಬಂದ ಶಾಖದ ಹೆಚ್ಚಿನ ಪಾಲು ಕೋಣೆಯಲ್ಲೇ ಉಳಿಯುತ್ತದೆ.

ಸುಣ್ಣ ಒಣಗಿದ ನಂತರದ ಬಿರುಬಿಸಿಲಿನ ದಿನ ಮೂರೂವರೆಗೆ ಮಾಳಿಗೆಯ ಮೇಲ್ಮೈ 48ಕ್ಕೆ, ಸಂಜೆ ಏಳರ ಸೀಲಿಂಗ್ 39ಕ್ಕೆ ಇಳಿದಿತ್ತು. ಇಷ್ಟು ಅಗ್ಗದ ಕ್ರಮದಿಂದ ಇಷ್ಟು ಇಳಿಕೆ ಸಿಗುವುದರಿಂದಲೇ ನೆರೆಯ ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಚಾವಣಿಗಾಗಿಯೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಸುಣ್ಣದ ಮಿತಿಯೂ ಬೇಗ ಕಾಣಿಸಿತು. ಜುಲೈ ಹೊತ್ತಿಗೆ ಮಳೆಗೆ ಅರ್ಧ ತೊಳೆದುಹೋಗಿ, ಉಳಿದದ್ದು ಧೂಳಿಗೆ ಮಾಸಿತ್ತು. ಬಾಡಿಗೆ ಮನೆಯಲ್ಲಿರುವವರಿಗೆ, ಅಥವಾ ಈ ವರ್ಷ ಕೈಯಲ್ಲಿ ಹಣವಿಲ್ಲದವರಿಗೆ, ಪ್ರತಿ ಯುಗಾದಿಗೆ ಸುಣ್ಣ ಬಳಿಯುವುದೇ ಸಾಕು ಎಂದು ನನ್ನ ಅಭಿಪ್ರಾಯ.

ಮೇಲೋ ಕೆಳಗೋ

ಕಾಯಂ ಪರಿಹಾರದಲ್ಲಿ ಚರ್ಚೆ ನಡೆದದ್ದು ಶಾಖನಿರೋಧಕವನ್ನು ಎಲ್ಲಿ ಹಾಕಬೇಕು ಎಂಬುದರ ಬಗ್ಗೆ. ಫಾಲ್ಸ್ ಸೀಲಿಂಗ್ ಪರವಾಗಿ ಮನೆಯ ಯಜಮಾನರು ಸ್ವಲ್ಪ ವಾಲಿದ್ದರು, ನೋಡಲು ಚೆಂದ ಎಂಬ ಕಾರಣವೂ ಅದರಲ್ಲಿತ್ತು. ಒಳಗಿನಿಂದ ನಿರೋಧಕ ಹಾಕಿದರೆ ಕೋಣೆಗೆ ಇಳಿಯುವ ಶಾಖ ಕಡಿಮೆಯಾಗುವುದು ಖಂಡಿತ. ಆದರೆ ಸ್ಲ್ಯಾಬ್ ಹಗಲು 60 ಡಿಗ್ರಿಯವರೆಗೆ ಕಾದು ರಾತ್ರಿ ಆರುವ ಹಿಗ್ಗು ಕುಗ್ಗಿನ ಆಟ ನಿಲ್ಲುವುದಿಲ್ಲ, ಪ್ಯಾರಾಪೆಟ್ ಸೇರುವಲ್ಲಿ ಬಿರುಕು ಬಿಟ್ಟು ಮಳೆನೀರು ಇಳಿಯುವುದಕ್ಕೆ ಅದೇ ಮುಖ್ಯ ಕಾರಣ. ಸ್ಲ್ಯಾಬಿನ ಶಾಖ ಗೋಡೆಗಳ ಮೂಲಕ ಬಳಸಿಕೊಂಡು ಒಳಗೆ ಬರುವುದೂ ಉಂಟು. ಹತ್ತು ಅಡಿಗೂ ಕಡಿಮೆ ಇರುವ ಕೋಣೆಯ ಎತ್ತರ ಇನ್ನೂ ತಗ್ಗಿ ಫ್ಯಾನ್ ಕೆಳಗೆ ಬರುತ್ತದೆ. ವೈರಿಂಗ್ ಹಾಯ್ದ ಜಾಗದಲ್ಲಿ ಥರ್ಮೋಕಾಲ್ ತುಂಬುವುದು ಬೆಂಕಿಯ ದೃಷ್ಟಿಯಿಂದ ಒಳ್ಳೆಯದಲ್ಲ. ಮಾಳಿಗೆ ತಮ್ಮದಲ್ಲದ ಅಪಾರ್ಟ್‌ಮೆಂಟ್ ವಾಸಿಗಳಿಗೆ ಒಳಗಿನ ದಾರಿ ಬಿಟ್ಟರೆ ಬೇರೆ ಇಲ್ಲದಿರಬಹುದು. ಇವರಿಗೆ ಮಾಳಿಗೆ ಇತ್ತು.

ಮೇಲಿನಿಂದ ಹಾಕಿದರೆ ಲೆಕ್ಕವೇ ಬೇರೆ. ಶಾಖ ಸ್ಲ್ಯಾಬನ್ನು ಮುಟ್ಟುವ ಮೊದಲೇ ತಡೆ ಸಿಗುತ್ತದೆ. ನಾಲ್ಕೂವರೆ ಟನ್ ಕಾಂಕ್ರೀಟ್ ಬಿಸಿಲಿನ ಪಕ್ಷ ಬಿಟ್ಟು ಕೋಣೆಯ ಪಕ್ಷಕ್ಕೆ ಬರುತ್ತದೆ: ರಾತ್ರಿ ಕಿಟಕಿ ತೆರೆದು ತಂಪು ಗಾಳಿ ಆಡಿಸಿದರೆ ಅದು ತಣಿದು, ಮರುದಿನ ಮಧ್ಯಾಹ್ನದವರೆಗೆ ಕೋಣೆಯ ಬಿಸಿಯನ್ನು ತಾನು ಹೀರಿಕೊಳ್ಳುತ್ತದೆ. ಹಳೆಯ ಜಂತಿ ಮನೆಗಳಲ್ಲಿ ತೊಲೆಗಳ ಮೇಲೆ ಮಣ್ಣು ಹೇರಿ, ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹರಡುತ್ತಿದ್ದ ಮಾಳಿಗೆಗಳೂ ಭಾರವಾದವೇ. ಆದರೆ ಒಂದಡಿ ಮಣ್ಣು ದಾಟಿ ಶಾಖ ಒಳಗೆ ಬರುವಷ್ಟರಲ್ಲಿ ಹೊರಗೆ ರಾತ್ರಿಯಾಗಿ ತಂಪು ಬಿದ್ದಿರುತ್ತಿತ್ತು. ಐದು ಇಂಚಿನ ಕಾಂಕ್ರೀಟ್ ನಾಲ್ಕೈದು ತಾಸಿನಲ್ಲೇ, ಸರಿಯಾಗಿ ಮಲಗುವ ಹೊತ್ತಿಗೆ, ಅದನ್ನು ತಂದು ಒಪ್ಪಿಸುತ್ತದೆ.

ತಗಡಿನ ಶೆಡ್ಡಿನ ಸಲಹೆಯನ್ನು ತಳ್ಳಿಹಾಕುವಂತಿರಲಿಲ್ಲ. ನಾಲ್ಕೂ ಕಡೆ ತೆರೆದು ಎತ್ತರಕ್ಕೆ ಹಾಕಿದ ನೆರಳು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಮುಂಗಾರು ಪೂರ್ವದ ಬಿರುಗಾಳಿಗೆ ತಗಡು ಹಾರುವ ಭಯ, ಪಾಲಿಕೆಯ ಅನುಮತಿಯ ಪ್ರಶ್ನೆ ಇದ್ದವು. ಜೊತೆಗೆ, ಸಂಡಿಗೆ ಮೆಣಸಿನಕಾಯಿ ಒಣಹಾಕಲು ಬಿಸಿಲು ಬೇಡವೇ ಎಂಬ ಮನೆಯಾಕೆಯ ಆಕ್ಷೇಪಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ.

ಸಾಮಗ್ರಿಯಾಗಿ 50 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ (ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್) ಫಲಕವನ್ನು ಆರಿಸಲಾಯಿತು. ಇದು ಥರ್ಮೋಕಾಲಿನ ದಾಯಾದಿಯಾದರೂ ಒಳಗಿನ ಗೂಡುಗಳು ಮುಚ್ಚಿದಂತಿರುವುದರಿಂದ ನೀರು ಕುಡಿಯುವುದು ತೀರ ಕಡಿಮೆ, ಮೇಲೆ ಓಡಾಡಿದರೂ ಕುಸಿಯುವುದಿಲ್ಲ. ಶಾಖವಾಹಕತೆ 0.032ರಷ್ಟೆಂದು ಹಿಡಿದರೆ ಚಾವಣಿಯ ಯು-ಮೌಲ್ಯ 2.8ರಿಂದ 0.52ಕ್ಕೆ ಇಳಿಯುತ್ತದೆ. ಅರ್ಧ ದಪ್ಪ, ಅಂದರೆ 25 ಮಿಲಿಮೀಟರ್ ಹಾಕಿದರೂ 0.88 ಬರುತ್ತದೆ, ಸಂಹಿತೆಯ ಮಿತಿಯೊಳಗೇ ಇರುತ್ತದೆ. ಇನ್ನೊಂದೆಡೆ 100 ಮಿಲಿಮೀಟರ್ ಹಾಕಿದರೆ 0.29. ದಪ್ಪ ಇಮ್ಮಡಿಯಾದರೂ ಸಿಗುವ ಹೆಚ್ಚುವರಿ ಲಾಭ ಸಣ್ಣದು, ಆದ್ದರಿಂದ 50ಕ್ಕೇ ನಿಲ್ಲಿಸಿದ್ದು. ತೂಕದ ಮಾತು ಇನ್ನೂ ಮುಖ್ಯ. ನಮ್ಮ ಗೌಂಡಿಗಳಿಗೆ ಚಿರಪರಿಚಿತವಾದ, ಇಟ್ಟಿಗೆ ಚೂರನ್ನು ಗಾರೆಯಲ್ಲಿ ಕೂಡಿಸಿ ಹಾಸುವ ಕೋಬಾ ಪದರವನ್ನು ನಾಲ್ಕು ಇಂಚು ಹಾಕಿದರೆ ಚದರ ಮೀಟರಿಗೆ 180 ಕಿಲೋಗ್ರಾಮಿನ ಆಸುಪಾಸು ಹೊರೆ ಏರುತ್ತದೆ. ಎಕ್ಸ್‌ಪಿಎಸ್ ಎರಡು ಕಿಲೋ ಕೂಡ ತೂಗುವುದಿಲ್ಲ, ಮೇಲಿನ ಗಾರೆ ಸೇರಿ 90 ಕಿಲೋ. ಹಳೆಯ ಸ್ಲ್ಯಾಬಿನ ಮೇಲೆ ಹೊರೆ ಏರಿಸುವ ಮುನ್ನ ಸ್ಟ್ರಕ್ಚರಲ್ ಎಂಜಿನಿಯರರಿಗೆ ತೋರಿಸುವುದನ್ನು ಇಲ್ಲಿ ತಪ್ಪಿಸಲಿಲ್ಲ.

ಕಾಮಗಾರಿ

2024ರ ಡಿಸೆಂಬರಿನಲ್ಲಿ ಕೆಲಸ ಶುರುವಾಯಿತು. ಬಿರುಕುಗಳನ್ನು ಕೊರೆದು ತುಂಬಿ, ಪ್ಯಾರಾಪೆಟ್ಟಿನ ಬುಡದ ಮೂಲೆಗಳನ್ನು ಗಾರೆಯಿಂದ ದುಂಡಗೆ ಮಾಡಿ, ಇಡೀ ಮಾಳಿಗೆಗೆ ಜಲನಿರೋಧಕ ಲೇಪ ಬಳಿದು, ಅದು ಒಣಗಿದ ಮೇಲೆ ನೀರಿನ ಕೊಳವೆಗಳ ಬಾಯಿ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ ಪರೀಕ್ಷಿಸಲಾಯಿತು. ಮೆಟ್ಟಿಲ ಕೋಣೆಯ ಮೂಲೆಯಲ್ಲಿ ಒಂದು ಒದ್ದೆ ಕಲೆ ಮೂಡಿತು. ನೀರು ಖಾಲಿ ಮಾಡಿ, ಆ ಮೂಲೆಗೆ ಮತ್ತೆ ಲೇಪ ಕೊಟ್ಟು, ಮತ್ತೆ ನೀರು ನಿಲ್ಲಿಸಲಾಯಿತು. ಗೌಂಡಿಗೆ ಇದು ಅನಗತ್ಯ ಕಾಲಹರಣವೆನಿಸಿತ್ತು. ಆದರೆ ಫಲಕ ಕೂಡಿಸಿದ ಮೇಲೆ ಸೋರಿಕೆ ಎಲ್ಲಿದೆ ಎಂದು ಹುಡುಕಲು ಎಲ್ಲವನ್ನೂ ಕೀಳಬೇಕಾಗುತ್ತದೆ.

ನಂತರ ಫಲಕಗಳನ್ನು ಇಟ್ಟಿಗೆ ಕಟ್ಟುವಂತೆ ಸಂದು ತಪ್ಪಿಸಿ, ಅಂಚಿನ ಮೆಟ್ಟಿಲು ಒಂದರೊಳಗೊಂದು ಕೂರುವಂತೆ ಹಾಸಲಾಯಿತು. ಎರಡು ಎಚ್ಚರಿಕೆಗಳು ಬೇಕು. ಎಕ್ಸ್‌ಪಿಎಸ್ ಬಿಸಿಲಿಗೆ ಬಿದ್ದರೆ ಹಳದಿಯಾಗಿ ಪುಡಿಯಾಗತೊಡಗುತ್ತದೆ, ಹಾಗಾಗಿ ಹಾಸಿದ ಫಲಕವನ್ನು ದಿನಗಟ್ಟಲೆ ತೆರೆದಿಡಬಾರದು. ಮತ್ತು ಥಿನ್ನರ್ ಬೆರೆತ ಅಂಟು ತಾಗಿದರೆ ಅದು ಕರಗಿಯೇ ಹೋಗುತ್ತದೆ, ನೀರಿನಾಧಾರದ ಅಂಟೇ ಆಗಬೇಕು. ಫಲಕದ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕೋಳಿಬಲೆ ಹುದುಗಿಸಿದ ಒಂದೂವರೆ ಇಂಚಿನ ಗಾರೆ, ಕೊನೆಗೆ ಒಡೆದ ಬಿಳಿ ಟೈಲ್ಸಿನ ಚೈನಾ ಮೊಸಾಯಿಕ್. ಬಿಳಿ ಮೇಲ್ಮೈ ಸುಣ್ಣದ ಕೆಲಸವನ್ನು ಕಾಯಂ ಆಗಿ ಮಾಡುತ್ತದೆ. ನೀರಿನ ಟ್ಯಾಂಕಿನ ಕಟ್ಟೆಯ ಕೆಳಗೆ ಫಲಕ ಹಾಕಲಾಗಲಿಲ್ಲ. ಆ ಭಾಗ ಮೆಟ್ಟಿಲಿನ ಮೇಲೆ ಬರುವುದರಿಂದ ಹಾಗೆಯೇ ಬಿಡಲಾಯಿತು.

ಫಲಿತಾಂಶ

ಮುಂದಿನ ಬೇಸಿಗೆಯ ಹೋಲಿಕೆಯನ್ನು ಏಪ್ರಿಲಿಗೆ ಸೀಮಿತಗೊಳಿಸಲಾಗಿದೆ. 2025ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಮಳೆ ಚೆನ್ನಾಗಿ ಸುರಿಯಿತು, ಮುಂಗಾರು 24ರಂದೇ ಕೇರಳ ಮುಟ್ಟಿತು. ಆ ತಿಂಗಳ ಬಿಲ್ ಇಳಿದದ್ದರಲ್ಲಿ ಮಾಳಿಗೆಯ ಪಾಲೆಷ್ಟು, ಮೋಡದ ಪಾಲೆಷ್ಟು ಎಂದು ಬೇರ್ಪಡಿಸಲು ಸಾಧ್ಯವಿಲ್ಲ. ಏಪ್ರಿಲಿನ ಸುಡುಬಿಸಿಲಿನ ದಿನ, ಎಸಿ ಹಾಕದೆ ಅಳೆದಾಗ, ಸಂಜೆ ಏಳರ ಸೀಲಿಂಗ್ 36 ಇತ್ತು, ಕೋಣೆಯ ಗಾಳಿ 35. ಸೀಲಿಂಗ್ ಮತ್ತು ಗಾಳಿಯ ನಡುವೆ ಒಂದೇ ಡಿಗ್ರಿ ಅಂತರ ಎಂದರೆ ನೆತ್ತಿಯ ಮೇಲಿನ ಒಲೆ ಆರಿತು ಎಂದೇ ಅರ್ಥ. ಆದರೆ 35 ಡಿಗ್ರಿ ಗಾಳಿ ಸುಖದ ಗಾಳಿಯಲ್ಲ. ನಿರೋಧಕ ತಂಪನ್ನು ಹುಟ್ಟಿಸುವುದಿಲ್ಲ. ಹೊರಗೆ 41 ಇರುವ ಊರಿನಲ್ಲಿ ಎಸಿ ಅಥವಾ ಕೂಲರ್ ಬೇಕೇ ಬೇಕು. ಬದಲಾದದ್ದು ಅದರ ಮೇಲಿನ ಹೊರೆ. ಬಿಳಿ ಟೈಲ್ಸಿನ ಮೇಲ್ಮೈ 46 ಇರುವಾಗ ಚಾವಣಿಯಿಂದ ಇಳಿಯುವ ಶಾಖದ ಲೆಕ್ಕ 150 ವ್ಯಾಟ್, ಹಿಂದಿನ 1,650ರ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಅದೇ ಒಂದೂವರೆ ಟನ್ನಿನ ಯಂತ್ರವನ್ನು ಈಗ 26ಕ್ಕೆ ಇಟ್ಟು ಫ್ಯಾನ್ ಹಾಕಿಕೊಂಡು ಮಲಗುತ್ತಾರೆ; ಕಂಪ್ರೆಸರ್ ಅರ್ಧ ತಾಸಿನಲ್ಲಿ ಕಡಿತವಾಗುತ್ತದೆ. ಥರ್ಮೋಸ್ಟ್ಯಾಟ್ ಒಂದು ಡಿಗ್ರಿ ಏರಿಸಿದರೆ ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ, ಇವರು ಎಂಟು ಡಿಗ್ರಿ ಏರಿಸಿದ್ದಾರೆ.

ಏಪ್ರಿಲ್ ಬಳಕೆ 386ರಿಂದ 247 ಯೂನಿಟ್ಟಿಗೆ ಇಳಿಯಿತು. 200ರ ಗೆರೆಯನ್ನು ಇನ್ನೂ ದಾಟಿರುವುದರಿಂದ ಆ ತಿಂಗಳ ಪೂರ್ತಿ ಬಿಲ್ಲನ್ನು ಅವರು ತುಂಬಲೇಬೇಕಾಯಿತು, ಯಜಮಾನರಿಗೆ ಅದೊಂದು ಅಸಮಾಧಾನ ಉಳಿದಿದೆ. ಬಿಲ್ಲಿನ ಉಳಿತಾಯವೊಂದರಿಂದಲೇ ಖರ್ಚು ಬೇಗ ಹಿಂದಿರುಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬಾರದು, ವರ್ಷಕ್ಕೆ ಮೂರು ತಿಂಗಳ ಎಸಿ ಬಳಕೆಯಲ್ಲಿ ಅದಕ್ಕೆ ಹಲವು ವರ್ಷ ಹಿಡಿಯುತ್ತದೆ. ಹೇಗೂ ಮಾಡಿಸಬೇಕಿದ್ದ ಜಲನಿರೋಧಕ ಕೆಲಸದ ಜೊತೆಗೇ ಇದನ್ನು ಸೇರಿಸಿದ್ದರಿಂದ ಇಲ್ಲಿ ಲೆಕ್ಕ ಕೂಡಿಬಂತು.

ಈಗ ಉಳಿದಿರುವುದು ಪಶ್ಚಿಮದ ಗೋಡೆ. ಏಪ್ರಿಲಿನ ಸಂಜೆ ಅದು 38ರಲ್ಲಿತ್ತು, ಕೋಣೆಯ ಅತ್ಯಂತ ಬಿಸಿಯಾದ ಮೇಲ್ಮೈ ಈಗ ಅದೇ. ಹೊರಗಿನಿಂದ ಬಿಳಿ ಬಣ್ಣ ಬಳಿದು, ಒಂದಡಿ ಅಂತರ ಬಿಟ್ಟು ಬಳ್ಳಿ ಹಬ್ಬಿಸಲು ಕಬ್ಬಿಣದ ಜಾಲರಿ ನಿಲ್ಲಿಸುವ ಯೋಚನೆಯಿದೆ. ಸೋಲಾರ್ ಫಲಕಗಳ ವಿಚಾರವೂ ಬಂದಿದ್ದು, ಅವುಗಳ ಕಾಲುಗಳನ್ನು ಹೊಸ ಮೊಸಾಯಿಕ್ ಕೊರೆದು ಬೋಲ್ಟ್ ಮಾಡದೆ, ಕಾಂಕ್ರೀಟ್ ದಿಮ್ಮಿಗಳ ಭಾರದ ಮೇಲೆ ನಿಲ್ಲಿಸುವಂತೆ ಬರೆದುಕೊಡಲಾಗಿದೆ.